ಮೂಳೆ ಕೂಡಿದರೂ ಬೈಕ್ ಹತ್ತಲಾಗದಿದ್ದರೆ: ಆಘಾತ, ಥೆರಪಿ ಮತ್ತು ಹೋಗಲು ಒಲ್ಲದ ಮನಸ್ಸು

ರಾಡ್ ಹಾಕಿದ ಮೂಳೆ ಕೂಡಿಕೊಂಡಿದೆ. ಹೊಲಿಗೆ ಬಿಚ್ಚಿ ನಾಲ್ಕು ತಿಂಗಳಾಗಿದೆ. "ಇನ್ನು ನೀವು ಗಾಡಿ ಓಡಿಸಬಹುದು" ಎಂದು ಮೂಳೆ ಡಾಕ್ಟರು ಹೇಳಿಯೂ ಆಗಿದೆ. ಬೈಕ್ ಮಾತ್ರ ಕವರ್ ಹೊದ್ದುಕೊಂಡು ಮನೆ ಮುಂದೆ ನಿಂತೇ ಇದೆ. ಯಾರಾದರೂ ಕೇಳಿದರೆ "ಬ್ಯಾಟರಿ ಹೋಗಿದೆ", "ಸರ್ವಿಸ್ ಮಾಡಿಸ್ಬೇಕು" ಎಂಬ ಉತ್ತರ ಸಿದ್ಧ. ಕೆಲಸಕ್ಕೆ ಎರಡು ಬಸ್ ಬದಲಿಸಿ ಹೋಗಿಬರುವುದು ಅಭ್ಯಾಸವಾಗಿದೆ. ಹಿಂದಿನಿಂದ ಲಾರಿಯ ಏರ್ ಹಾರ್ನ್ ಕೇಳಿಸಿದರೆ ಕೈ ತಣ್ಣಗಾಗುತ್ತದೆ, ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ.

2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1.68 ಲಕ್ಷ ಜನ ಸತ್ತರು, 4.43 ಲಕ್ಷ ಜನ ಗಾಯಗೊಂಡರು. ಸತ್ತವರ ಲೆಕ್ಕ ಪತ್ರಿಕೆಯಲ್ಲಿ ಬರುತ್ತದೆ. ಗಾಯಗೊಂಡು ಮನೆಗೆ ಬಂದವರಲ್ಲಿ ಎಷ್ಟು ಮಂದಿಯ ಬೈಕ್ ಹೀಗೆ ಕವರ್ ಹೊದ್ದು ನಿಂತಿದೆ ಎಂಬುದನ್ನು ಯಾರೂ ಎಣಿಸುವುದಿಲ್ಲ. ಆಘಾತಕ್ಕೆ ಕಾರಣಗಳು ನೂರಾರಿವೆ: ಹಲ್ಲೆ, ಲೈಂಗಿಕ ದೌರ್ಜನ್ಯ, ಪ್ರವಾಹ, ಹೆರಿಗೆಯಲ್ಲಾದ ಅನಾಹುತ, ಕಣ್ಣೆದುರಿನ ಸಾವು. ಇಲ್ಲಿ ರಸ್ತೆ ಅಪಘಾತವನ್ನೇ ಹಿಡಿದು ಹೇಳುತ್ತೇವೆ. ಇದರಲ್ಲಿ ನಾಚಿಕೆಯ ಪ್ರಶ್ನೆ ಕಡಿಮೆ, ಹಾಗಾಗಿ ಒಳಗಿನ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂಬುದು ಸ್ಪಷ್ಟವಾಗಿ ಕಾಣುತ್ತದೆ.

ತಾರೀಖು ಮುದ್ರೆ ಬೀಳದ ನೆನಪು

ಸಾಧಾರಣ ನೆನಪು ಅಂಚೆ ಕಚೇರಿ ದಾಟಿ ಬಂದ ಕಾಗದದ ಹಾಗೆ. ಯಾವ ಊರು, ಯಾವ ದಿನ ಎಂಬ ಮುದ್ರೆ ಅದರ ಮೇಲಿರುತ್ತದೆ. ಮಿದುಳಿನಲ್ಲಿ ಈ ಮುದ್ರೆ ಒತ್ತುವ ಕೆಲಸ ಹೆಚ್ಚಾಗಿ ಹಿಪ್ಪೊಕ್ಯಾಂಪಸ್‌ನದು. ಅದರ ಪಕ್ಕದಲ್ಲೇ ಇರುವ ಬಾದಾಮಿ ಗಾತ್ರದ ಅಮಿಗ್ಡಲಾ ಅಪಾಯದ ಗಂಟೆ ಬಾರಿಸುತ್ತದೆ. ಪ್ರಾಣಕ್ಕೇ ಸಂಚಕಾರ ಬಂದ ಗಳಿಗೆಯಲ್ಲಿ ಗಂಟೆ ಎಷ್ಟು ಜೋರಾಗಿ ಬಡಿಯುತ್ತದೆಂದರೆ ಮುದ್ರೆ ಒತ್ತುವ ಕೆಲಸ ಹದಗೆಡುತ್ತದೆ. ಬ್ರೇಕಿನ ಕಿರುಚು, ಡೀಸೆಲ್ ವಾಸನೆ, ಡಾಂಬರಿನ ಬಿಸಿ ಎಲ್ಲವೂ ದಾಖಲಾಗುತ್ತವೆ, ಆದರೆ "ಇದು ಆ ದಿನ ನಡೆದದ್ದು, ಮುಗಿದದ್ದು" ಎಂಬ ಗುರುತಿಲ್ಲದೆ. ಮುಂದೆ ಎಲ್ಲೋ ಅದೇ ವಾಸನೆ ಮೂಗಿಗೆ ಬಿದ್ದರೆ ಮೈ ಅದನ್ನು ನೆನಪು ಎಂದು ಓದುವುದಿಲ್ಲ, ಈಗ ನಡೆಯುತ್ತಿರುವ ಸಂಗತಿ ಎಂದೇ ಓದುತ್ತದೆ. ಪೂರ್ತಿ ಚಿತ್ರ ಇದಕ್ಕಿಂತ ಸಿಕ್ಕುಸಿಕ್ಕು, ಆದರೂ ಚಿಕಿತ್ಸೆ ಏನು ಮಾಡುತ್ತದೆ ಎಂದು ತಿಳಿಯಲು ಇಷ್ಟು ಸಾಕು.

ಅಪಘಾತದ ಮೊದಲ ಕೆಲವು ವಾರ ಹೀಗಾಗುವುದು ಕಾಯಿಲೆಯೇ ಅಲ್ಲ. ಬೆಚ್ಚುವುದು, ಕೆಟ್ಟ ಕನಸು, ಊಟ ಸೇರದಿರುವುದು, ವಿನಾಕಾರಣ ಅಳು ಬಹುಪಾಲು ಜನರಲ್ಲಿ ಕಾಣಿಸಿಕೊಳ್ಳುತ್ತವೆ, ಬಹುಪಾಲು ಜನರಲ್ಲಿ ತಾವಾಗಿಯೇ ಇಳಿಯುತ್ತವೆ. ಆಗ ಬೇಕಾಗಿರುವುದು ನಿದ್ದೆ, ಊಟ, ಜೊತೆಗೆ ಒಬ್ಬರು, ನೋವಿಗೆ ಸರಿಯಾದ ಔಷಧ. ಘಟನೆಯಾದ ಒಂದೆರಡು ದಿನದಲ್ಲೇ ಕೂರಿಸಿಕೊಂಡು "ಏನಾಯ್ತು, ಎಲ್ಲಾ ಬಿಡಿಸಿ ಹೇಳು" ಎಂದು ಒತ್ತಾಯಿಸುವುದರಿಂದ ಲಾಭವಿಲ್ಲ. ಒಂದೇ ಸಲ ಕೂರಿಸಿ ಎಲ್ಲವನ್ನೂ ಹೊರಹಾಕಿಸುವ ಪದ್ಧತಿ ಹಿಂದೆ ಚಾಲ್ತಿಯಲ್ಲಿತ್ತು. ಅದು ಪಿಟಿಎಸ್‌ಡಿಯನ್ನು, ಅಂದರೆ ಆಘಾತದ ನಂತರ ಇಳಿಯದೆ ಉಳಿದುಬಿಡುವ ಮಾನಸಿಕ ಕಾಯಿಲೆಯನ್ನು, ತಡೆಯುವುದಿಲ್ಲ, ಕೆಲವರಲ್ಲಿ ಹೆಚ್ಚಿಸಲೂಬಹುದು ಎಂದು ಕಂಡುಬಂದ ಮೇಲೆ ಕೈಬಿಡಲಾಯಿತು. ಆಸ್ಪತ್ರೆ ಮಂಚದ ಸುತ್ತ ಸೇರುವ ನೆಂಟರಿಗೆ ಈ ಸುದ್ದಿ ಇನ್ನೂ ಮುಟ್ಟಿಲ್ಲ.

ಒಂದು ತಿಂಗಳು ದಾಟಿಯೂ ಇಳಿಯದೆ, ಕೆಲಸಕ್ಕೋ ಸಂಸಾರಕ್ಕೋ ಅಡ್ಡಬರತೊಡಗಿದರೆ ಅದಕ್ಕೆ ಪಿಟಿಎಸ್‌ಡಿ ಎಂಬ ಹೆಸರು ಬರಬಹುದು. ಈ ಹೆಸರು ಅಮೆರಿಕದ ಮನೋವೈದ್ಯರ ಅಧಿಕೃತ ಪಟ್ಟಿಗೆ ಸೇರಿದ್ದು 1980ರಲ್ಲಿ. ವೈದ್ಯರು ನಾಲ್ಕು ಗುಂಪಿನ ಲಕ್ಷಣ ಹುಡುಕುತ್ತಾರೆ. ಘಟನೆ ಕನಸಾಗಿ ಅಥವಾ ಹಗಲಲ್ಲೇ ಕಣ್ಣೆದುರು ಮರುಕಳಿಸುವುದು. ಅದನ್ನು ನೆನಪಿಸುವ ಜಾಗ, ಮಾತು, ಯೋಚನೆಗಳಿಂದ ದೂರ ಓಡುವುದು. "ತಪ್ಪೆಲ್ಲ ನನ್ನದೇ", "ಯಾವ ರಸ್ತೆಯೂ ಸುರಕ್ಷಿತವಲ್ಲ" ಎಂಬಂಥ ಗಟ್ಟಿಯಾದ ನಂಬಿಕೆ, ಯಾವುದರಲ್ಲೂ ರುಚಿಯಿಲ್ಲದಿರುವುದು. ಮೈ ಸದಾ ಎಚ್ಚರದಲ್ಲಿದ್ದು ಸಣ್ಣ ಸದ್ದಿಗೂ ಹಾರಿಬೀಳುವುದು, ಸಿಡುಕು, ನಿದ್ದೆಗೇಡು. ಅಳೆಯಲು ಪಿಸಿಎಲ್-5 ಎಂಬ 20 ಪ್ರಶ್ನೆಗಳ ಹಾಳೆಯಿದೆ. ಪ್ರತಿ ಪ್ರಶ್ನೆಗೆ 0ರಿಂದ 4 ಅಂಕ, ಒಟ್ಟು 80. ಮೊತ್ತ 31ರಿಂದ 33ರ ಆಸುಪಾಸು ದಾಟಿದರೆ ಕೂಲಂಕಷ ಪರೀಕ್ಷೆ ಬೇಕು ಎಂದರ್ಥವೇ ಹೊರತು ಕಾಯಿಲೆ ಖಚಿತವಾಯಿತು ಎಂದಲ್ಲ.

ಅಪಘಾತದ ಪ್ರಕರಣದಲ್ಲಿ ಇನ್ನೊಂದು ತೊಡಕುಂಟು. ತಲೆಗೆ ಸಣ್ಣ ಪೆಟ್ಟು ಬಿದ್ದಿದ್ದರೂ ಸಿಡುಕು, ಮರೆವು, ನಿದ್ದೆಗೇಡು, ಸದ್ದು ಸಹಿಸಲಾಗದಿರುವುದು ಬರುತ್ತವೆ. ಎರಡೂ ಒಂದೇ ಥರ ಕಾಣುತ್ತವೆ, ಒಮ್ಮೊಮ್ಮೆ ಎರಡೂ ಇರುತ್ತವೆ. ಪ್ರಜ್ಞೆ ತಪ್ಪಿತ್ತೇ, ವಾಂತಿಯಾಗಿತ್ತೇ, ಸ್ಕ್ಯಾನ್ ಮಾಡಿಸಿದ್ದಾರೆಯೇ ಎಂಬುದನ್ನು ಮೊದಲ ಭೇಟಿಯಲ್ಲೇ ಹೇಳಬೇಕು. ಡಿಸ್ಚಾರ್ಜ್ ಸಮ್ಮರಿ ಜೊತೆಗೆ ಒಯ್ಯಿರಿ.

ಹೋಗಲು ಒಲ್ಲದಿರುವುದೂ ಒಂದು ಲಕ್ಷಣ

2015-16ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಮಾನಸಿಕ ಕಾಯಿಲೆಯಿದ್ದವರಲ್ಲಿ, ಕಾಯಿಲೆ ಯಾವುದು ಎಂಬುದನ್ನು ಅವಲಂಬಿಸಿ, ಶೇ 70ರಿಂದ 92ರಷ್ಟು ಜನಕ್ಕೆ ಚಿಕಿತ್ಸೆ ಸಿಕ್ಕಿರಲಿಲ್ಲ. ಆಸ್ಪತ್ರೆ ದೂರ, ದುಡ್ಡಿಲ್ಲ, ಮಾಹಿತಿಯಿಲ್ಲ, "ನಾಲ್ಕು ಜನ ಏನಂದಾರು" ಎಂಬ ಅಳುಕು ಇವೆಲ್ಲ ಕಾರಣಗಳೇ. ಆದರೆ ಆಘಾತದಲ್ಲಿ ಇವುಗಳ ಕೆಳಗೆ ಇನ್ನೊಂದಿದೆ. ದೂರ ಓಡುವುದು ಈ ಕಾಯಿಲೆಯ ಮುಖ್ಯ ಲಕ್ಷಣ. ಥೆರಪಿ ಎಂದರೆ ಯಾವುದರಿಂದ ಓಡುತ್ತಿದ್ದೇವೋ ಅದರ ಎದುರು ಹೋಗಿ ಕೂರುವುದು. ಹೀಗಿರುವಾಗ ಹೋಗಲು ಮನಸ್ಸು ಬಂದರೇ ಆಶ್ಚರ್ಯ. ಬೈಕ್‌ಗೆ ಬ್ಯಾಟರಿಯ ನೆಪ ಹೇಳುವ ಮನಸ್ಸೇ ಅಪಾಯಿಂಟ್‌ಮೆಂಟ್‌ಗೂ ನೆಪ ಹುಡುಕುತ್ತದೆ: ಈ ವಾರ ಆಡಿಟ್ ಇದೆ, ಹಬ್ಬ ಮುಗಿಯಲಿ, ಮಗಳ ಪರೀಕ್ಷೆ ಆಗಲಿ.

ಪ್ರತಿ ನೆಪಕ್ಕೂ ತಕ್ಷಣದ ಬಹುಮಾನವಿದೆ. ಮುಂದೂಡಿದೊಡನೆ ಎದೆ ಹಗುರಾಗುತ್ತದೆ. ಆ ಹಗುರವೇ "ಓಡಿದ್ದರಿಂದಲೇ ಉಳಿದೆ" ಎಂದು ಅಮಿಗ್ಡಲಾಗೆ ಪಾಠ ಹೇಳುತ್ತದೆ, ಮುಂದಿನ ಸಲ ಭಯ ಇನ್ನೊಂದು ಹೆಜ್ಜೆ ಹತ್ತಿರ ಬಂದಿರುತ್ತದೆ. ಮೊದಲು ಹೆದ್ದಾರಿ ಬಿಟ್ಟವರು ಆಮೇಲೆ ಮುಖ್ಯರಸ್ತೆ ಬಿಡುತ್ತಾರೆ, ಕೊನೆಗೆ ಬೇರೆಯವರ ಕಾರಿನ ಮುಂದಿನ ಸೀಟನ್ನೂ ಬಿಡುತ್ತಾರೆ. "ಕಾಲವೇ ಮದ್ದು" ಎಂಬ ಮಾತು ಮೊದಲ ತಿಂಗಳಿಗೆ ಸರಿ. ಆಮೇಲೆ ಕಾಲ ಒಮ್ಮೊಮ್ಮೆ ಭಯದ ಬೇಲಿಯನ್ನೇ ಬಲಪಡಿಸುತ್ತಾ ಹೋಗುತ್ತದೆ.

"ಹಳೇದನ್ನು ಕೆದಕಬೇಡ, ಮರೆತುಬಿಡು" ಎನ್ನುವ ಹಿರಿಯರ ಉದ್ದೇಶ ಒಳ್ಳೆಯದೇ. ಆದರೆ ಮರೆಯಲಾಗದ್ದಕ್ಕೇ ಅಲ್ಲವೇ ಈ ಪಾಡು? ದೃಷ್ಟಿ ತೆಗೆಯುವುದು, ತಾಯತ ಕಟ್ಟಿಸುವುದು, ದೇವಸ್ಥಾನಕ್ಕೋ ದರ್ಗಾಕ್ಕೋ ಕರೆದೊಯ್ಯುವುದರ ಬಗ್ಗೆ ತಕರಾರಿಲ್ಲ. ನಾಲ್ಕು ಜನ ಸುತ್ತ ನಿಂತು "ನಿನಗೆ ಭಯವಾಗಿದೆ" ಎಂದು ಒಪ್ಪಿಕೊಳ್ಳುವುದೇ ಎಷ್ಟೋ ಸಮಾಧಾನ. ಹೊಡೆದು ಬಡಿದು ಭಯ ಬಿಡಿಸುವವರ ಹತ್ತಿರ ಮಾತ್ರ ಹೋಗಬೇಡಿ, ಪೂಜೆ ಮುಗಿಯಲಿ ಎಂದು ಡಾಕ್ಟರನ್ನು ಮುಂದೂಡಲೂ ಬೇಡಿ.

ಇನ್ನು ನಿಮ್ಹಾನ್ಸ್ ಎಂಬ ಹೆಸರಿನ ಭಯ. ಅದು ಡೈರಿ ಸರ್ಕಲ್ ಹತ್ತಿರ ಇರುವುದರಿಂದ "ಡೈರಿ ಸರ್ಕಲ್‌ಗೆ ಕಳಿಸ್ಬೇಕು ಇವನನ್ನ" ಎಂಬ ತಮಾಷೆ ಬೆಂಗಳೂರಲ್ಲಿ ಹಳೆಯದು. ಅಪಘಾತದಲ್ಲಿ ತಲೆಗೆ ಪೆಟ್ಟಾದವರನ್ನು ಅದೇ ಆವರಣದ ನ್ಯೂರೋಸರ್ಜರಿ ವಿಭಾಗಕ್ಕೆ ಒಯ್ಯುವಾಗ ಯಾರಿಗೂ ಮುಜುಗರವಿಲ್ಲ. ಅದೇ ವ್ಯಕ್ತಿ ಎರಡು ತಿಂಗಳ ನಂತರ ನಿದ್ದೆ ಬರುತ್ತಿಲ್ಲ ಎಂದು ಅದೇ ಗೇಟು ಹೊಕ್ಕರೆ ಮಾತ್ರ ಹೊರಗೆ ಕಥೆ ಬೇರೆಯಾಗುತ್ತದೆ.

ಯಾರ ಹತ್ತಿರ, ಎಲ್ಲಿಗೆ

ಮನೋವೈದ್ಯರು ಎಂಬಿಬಿಎಸ್ ನಂತರ ಮನೋವೈದ್ಯಶಾಸ್ತ್ರ ಓದಿದವರು, ಔಷಧ ಬರೆಯುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಔಷಧ ಬರೆಯುವುದಿಲ್ಲ, ಪರೀಕ್ಷೆ ಮತ್ತು ಥೆರಪಿ ಅವರ ಕೆಲಸ. ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಣಿ ಇರಬೇಕು, ಸಂಖ್ಯೆ ಕೇಳಿದರೆ ಯಾರೂ ಬೇಸರಪಡಬಾರದು. ಕೌನ್ಸೆಲರ್ ಎಂಬ ಫಲಕವನ್ನು ಮೂರು ತಿಂಗಳ ಕೋರ್ಸ್ ಮಾಡಿದವರೂ ಹಾಕಿಕೊಳ್ಳಬಹುದು. ಅವರಲ್ಲಿ ಒಳ್ಳೆಯವರಿಲ್ಲ ಎಂದಲ್ಲ, ಆದರೆ ಆಘಾತದ ಚಿಕಿತ್ಸೆಗೆ ಪ್ರತ್ಯೇಕ ತರಬೇತಿ ಬೇಕು. ಫೋನಿನಲ್ಲೇ ಕೇಳಿ: "ಪಿಟಿಎಸ್‌ಡಿಗೆ ನೀವು ಯಾವ ವಿಧಾನ ಬಳಸ್ತೀರಿ? ಸುಮಾರು ಎಷ್ಟು ಸೆಷನ್?" ಉತ್ತರದಲ್ಲಿ ವಿಧಾನದ ಹೆಸರೂ ಒಂದು ಅಂದಾಜು ಸಂಖ್ಯೆಯೂ ಬಂದರೆ ಮುಂದುವರಿಯಿರಿ. "ಪಾಸಿಟಿವ್ ಆಗಿ ಯೋಚಿಸೋದು ಕಲಿಸ್ತೀವಿ" ಎಂದಷ್ಟೇ ಬಂದರೆ ಬೇರೆಯವರನ್ನು ಹುಡುಕಿ.

ಎಲ್ಲಿಂದ ಶುರು ಮಾಡುವುದು ಎಂದೇ ತೋಚದಿದ್ದರೆ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದು. ಹಗಲು ರಾತ್ರಿ ನಡೆಯುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮೊದಲ ವಾಕ್ಯಕ್ಕೆ ತಡವರಿಸುವವರಿಗೆ ಇಷ್ಟು ಸಾಕು: "ನಾಲ್ಕು ತಿಂಗಳ ಹಿಂದೆ ಆಕ್ಸಿಡೆಂಟ್ ಆಗಿತ್ತು, ಈಗಲೂ ನಿದ್ದೆ ಬರ್ತಿಲ್ಲ, ಗಾಡಿ ಓಡಿಸಕ್ಕಾಗ್ತಿಲ್ಲ, ಯಾರನ್ನ ನೋಡ್ಬೇಕು ಹೇಳಿ." ಜಿಲ್ಲಾಸ್ಪತ್ರೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರಿರುತ್ತಾರೆ. ಅಂದಹಾಗೆ, ಈ ಕಾರ್ಯಕ್ರಮದ ಮೊದಲ ಮಾದರಿಯನ್ನು 1980ರ ದಶಕದಲ್ಲಿ ಪ್ರಯೋಗಿಸಿ ನೋಡಿದ್ದು ನಮ್ಮ ಬಳ್ಳಾರಿಯಲ್ಲೇ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆಯಿದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಮೊದಲೇ ವಿಚಾರಿಸಿಕೊಂಡು ಹೊರಡಿ. ಉತ್ತರ ಕರ್ನಾಟಕದವರಿಗೆ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ಸರ್ಕಾರಿ ಕಡೆ ಖರ್ಚು ತೀರಾ ಕಡಿಮೆ, ಆದರೆ ಸಾಲು ಉದ್ದ, ವಾರವಾರ ಥೆರಪಿಗೆ ಸಮಯ ಸಿಗುವುದು ಕಷ್ಟ. ಬೆಂಗಳೂರಿನ ಖಾಸಗಿಯವರಲ್ಲಿ ಒಂದು ಸೆಷನ್ನಿಗೆ ಸಾಮಾನ್ಯವಾಗಿ ಸಾವಿರದಿಂದ ಮೂರು ಸಾವಿರ ರೂಪಾಯಿ. ವಿಮೆ ಕಂಪನಿಗಳು ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ರಕ್ಷಣೆ ಕೊಡಬೇಕು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ, ಆದರೆ ಬಹಳಷ್ಟು ಪಾಲಿಸಿಗಳು ಆಸ್ಪತ್ರೆಗೆ ದಾಖಲಾದರೆ ಮಾತ್ರ ಕೊಡುವಂಥವು. ಹೊರರೋಗಿ ಥೆರಪಿ ಸೇರಿದೆಯೇ ಎಂದು ಪಾಲಿಸಿಯ ಸಣ್ಣಕ್ಷರ ಓದಿ.

ಗುಟ್ಟು ಹೊರಬೀಳುತ್ತದೆ ಎಂಬ ಭಯಕ್ಕೆ ಉತ್ತರ ಅದೇ ಕಾಯ್ದೆಯ 23ನೇ ಕಲಂ. ಚಿಕಿತ್ಸೆಯ ವಿವರ ಗೋಪ್ಯ. ಪ್ರಾಣಾಪಾಯ, ನ್ಯಾಯಾಲಯದ ಆದೇಶ, ನೀವೇ ನೇಮಿಸಿದ ಪ್ರತಿನಿಧಿ, ಚಿಕಿತ್ಸೆಯಲ್ಲಿ ಪಾಲ್ಗೊಳ್ಳುವ ಇತರ ವೈದ್ಯರು ಎಂಬಂಥ ಕೆಲವೇ ವಿನಾಯಿತಿಗಳಿವೆ. ಆಫೀಸಿನ ಎಚ್‌ಆರ್ ಕೇಳಿದರೆಂದು ಡಾಕ್ಟರು ಹೇಳುವಂತಿಲ್ಲ, ಹೆಣ್ಣು ನೋಡಲು ಬಂದವರಿಗಂತೂ ಇಲ್ಲವೇ ಇಲ್ಲ.

ಒಳಗೆ ಏನು ನಡೆಯುತ್ತದೆ

ಮೊದಲ ಭೇಟಿಯಲ್ಲಿ ಅಪಘಾತದ ಕಥೆಯನ್ನು ಪೂರ್ತಿ ಹೇಳಬೇಕಾಗಿಲ್ಲ. "ಇವತ್ತು ಅದನ್ನು ಹೇಳಲ್ಲ" ಎನ್ನುವ ಹಕ್ಕು ನಿಮಗಿದೆ, ತಿಳಿದ ಥೆರಪಿಸ್ಟ್ ಒತ್ತಾಯಿಸುವುದೂ ಇಲ್ಲ. ನಿದ್ದೆ, ಕುಡಿತ, ಹಳೆಯ ಕಾಯಿಲೆ, ಸಾಯುವ ಯೋಚನೆ ಬಂದಿದೆಯೇ, ಮನೆಯಲ್ಲಿ ಯಾರಿದ್ದಾರೆ ಎಂಬ ಪ್ರಶ್ನೆಗಳಲ್ಲೇ ಗಂಟೆ ಮುಗಿಯುತ್ತದೆ. ಮುಂದಿನ ಕೆಲವು ಭೇಟಿ ಮೈ ಶಾಂತ ಮಾಡಿಕೊಳ್ಳುವ ಸಾಧನಗಳಿಗೆ. ಉಸಿರನ್ನು ನಾಲ್ಕು ಎಣಿಸುತ್ತ ಒಳಗೆ, ಆರು ಎಣಿಸುತ್ತ ಹೊರಗೆ. ಹೊರಬಿಡುವುದು ಉದ್ದವಾದಷ್ಟೂ ಎದೆಬಡಿತ ಇಳಿಯುತ್ತದೆ. ಹಳೆಯ ದೃಶ್ಯ ಕಣ್ಣಿಗೆ ಕಟ್ಟಿದಾಗ ಪಾದವನ್ನು ನೆಲಕ್ಕೆ ಒತ್ತಿ, ಕಾಣುವ ಐದು ವಸ್ತು, ಮುಟ್ಟಬಹುದಾದ ನಾಲ್ಕು, ಕೇಳುವ ಮೂರು ಸದ್ದು ಹೆಸರಿಸುತ್ತ ಬರುವುದು. ಇವು ಊರುಗೋಲು. ಎಷ್ಟೋ ಜನ ಇಲ್ಲಿಗೇ ನಿಲ್ಲಿಸಿ "ಥೆರಪಿ ಮಾಡಿಸಿದೆ, ಅಷ್ಟೇನೂ ಆಗಲಿಲ್ಲ" ಎನ್ನುತ್ತಾರೆ. ಚಿಕಿತ್ಸೆಯ ತಿರುಳು ಇನ್ನೂ ಮುಂದಿದೆ.

ಅಮೆರಿಕದ ಎಡ್ನಾ ಫೋವಾ ರೂಪಿಸಿದ ಪ್ರೊಲಾಂಗ್ಡ್ ಎಕ್ಸ್‌ಪೋಶರ್ ಎಂಬ ವಿಧಾನದಲ್ಲಿ ಸಾಮಾನ್ಯವಾಗಿ 8ರಿಂದ 15 ಸೆಷನ್, ಒಂದೊಂದೂ ಸುಮಾರು 90 ನಿಮಿಷ. ಅದರಲ್ಲಿ ಎರಡು ಕೆಲಸ. ಒಂದು, ಓಡಿಹೋದ ಜಾಗಗಳಿಗೆ ಮೆಟ್ಟಿಲು ಮೆಟ್ಟಿಲಾಗಿ ವಾಪಸ್ ಹೋಗುವುದು. ಭಯಕ್ಕೆ 0ರಿಂದ 100ರವರೆಗೆ ಅಂಕ ಕೊಟ್ಟು ಏಣಿ ಬರೆಯುತ್ತಾರೆ. ಬೈಕ್ ಸವಾರರೊಬ್ಬರ ಏಣಿ ಹೀಗಿರಬಹುದು:

ಕವರ್ ತೆಗೆದು, ಎಂಜಿನ್ ಆಫ್ ಇರುವ ಬೈಕ್ ಮೇಲೆ ಕೂರುವುದು: 25
ಸ್ಟ್ಯಾಂಡ್ ಹಾಕಿದ್ದಂತೆಯೇ ಸ್ಟಾರ್ಟ್ ಮಾಡಿ ಸದ್ದು ಕೇಳುತ್ತ ಇರುವುದು: 35
ಬೆಳಿಗ್ಗೆ ಆರಕ್ಕೆ ಬಡಾವಣೆಯ ಒಳರಸ್ತೆಯಲ್ಲಿ ನಾಲ್ಕು ಸುತ್ತು: 45
ಹೆದ್ದಾರಿ ಬದಿಯ ಬಸ್ ನಿಲ್ದಾಣದಲ್ಲಿ ಕೂತು ಲಾರಿಗಳನ್ನು ನೋಡುವುದು: 55
ಸರ್ವಿಸ್ ರಸ್ತೆಯಲ್ಲಿ ಎರಡು ಕಿಲೋಮೀಟರ್ ಓಡಿಸುವುದು: 65
ಬೇರೆಯವರ ಕಾರಿನಲ್ಲಿ ಅಪಘಾತದ ಜಾಗಕ್ಕೆ ಹೋಗಿ ಇಳಿದು ನಿಲ್ಲುವುದು: 75
ಹಗಲಲ್ಲಿ ಅದೇ ರಸ್ತೆಯಲ್ಲಿ ಸ್ವತಃ ಓಡಿಸುವುದು: 90

ಪ್ರತಿ ಮೆಟ್ಟಿಲಲ್ಲೂ ಭಯದ ಅಂಕ ಏರುತ್ತದೆ, ತುದಿ ಮುಟ್ಟುತ್ತದೆ, ಆಮೇಲೆ ಇಳಿಯತೊಡಗುತ್ತದೆ. ಸುಮಾರು ಅರ್ಧಕ್ಕೆ ಇಳಿಯುವವರೆಗೆ ಅಥವಾ ಮುಕ್ಕಾಲು ಗಂಟೆ ಅಲ್ಲೇ ಇರಬೇಕು. ತುದಿಯಲ್ಲಿದ್ದಾಗ ಎದ್ದು ಬಂದರೆ ಮೈ ಕಲಿಯುವುದು ಅದೇ ಹಳೆಯ ಪಾಠವನ್ನು. ಒಂದೇ ಮೆಟ್ಟಿಲನ್ನು ವಾರದಲ್ಲಿ ಐದಾರು ಸಲ ಹತ್ತಬೇಕಾಗುತ್ತದೆ. ಇಲ್ಲಿ ಕಣ್ಣಿಗೆ ಬೀಳದ ಕಳ್ಳದಾರಿಗಳಿವೆ: ಇಯರ್‌ಫೋನಿನಲ್ಲಿ ಭಜನೆ ಹಾಕಿಕೊಂಡು ಲಾರಿ ಸದ್ದು ಮುಚ್ಚುವುದು, ಪಕ್ಕದಲ್ಲಿ ತಮ್ಮ ಇದ್ದರೆ ಮಾತ್ರ ಹೋಗುವುದು, ಕನ್ನಡಿಯನ್ನು ಸೆಕೆಂಡಿಗೊಮ್ಮೆ ನೋಡುವುದು. ಭಯ ಇಳಿದ ಕೀರ್ತಿ ಇವುಗಳ ಪಾಲಾದರೆ ಅವಿಲ್ಲದೆ ಹೊರಡಲು ಧೈರ್ಯ ಬರುವುದಿಲ್ಲ. ಹಾಗೆಂದು ಹೆಲ್ಮೆಟ್ ಬಿಟ್ಟು ಓಡಿಸುವುದು ಏಣಿಯ ಮೆಟ್ಟಿಲಲ್ಲ. ನಿಜವಾಗಿ ಅಪಾಯವಿರುವುದನ್ನು ಪಟ್ಟಿಗೆ ಸೇರಿಸುವುದೇ ಇಲ್ಲ.

ಎರಡನೆಯ ಕೆಲಸ ಹೆಚ್ಚು ಕಷ್ಟದ್ದು. ಕಣ್ಣು ಮುಚ್ಚಿ, ಆ ದಿನವನ್ನು ವರ್ತಮಾನದಲ್ಲಿ ಹೇಳುವುದು: "ಟೋಲ್ ದಾಟ್ತಾ ಇದೀನಿ. ಎಡಗಡೆ ಪೆಟ್ರೋಲ್ ಬಂಕ್. ಹಿಂದೆ ಹಾರ್ನ್ ಕೇಳಿಸ್ತಿದೆ…" ನಡುನಡುವೆ ಥೆರಪಿಸ್ಟ್ ಕೇಳುವುದು ಒಂದೇ ಮಾತು, "ಈಗ ಎಷ್ಟು ಅಂಕ?" ಕಥೆ ಮುಗಿದರೆ ಮತ್ತೆ ಮೊದಲಿನಿಂದ. ಇದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಮನೆಯಲ್ಲಿ ದಿನಾ ಕೇಳಬೇಕು. ಐದಾರನೇ ಸಲಕ್ಕೆ ಬಿಟ್ಟುಹೋಗಿದ್ದ ಚೂರುಗಳು ಜಾಗಕ್ಕೆ ಬರತೊಡಗುತ್ತವೆ: ಲಾರಿ ಇಂಡಿಕೇಟರ್ ಹಾಕಿರಲೇ ಇಲ್ಲ, ತಾನು ಎಡಕ್ಕೆ ಎಳೆದಿದ್ದೆ. ಆಮೇಲೆ ಯಾರೋ ಓಡಿಬಂದು ಕೈ ಹಿಡಿದಿದ್ದರು, ನೀರು ಕುಡಿಸಿದ್ದರು. ಕಥೆಗೆ ಒಂದು ಕೊನೆ ಸಿಗುತ್ತದೆ. ತಡವಾಗಿ ಬೀಳುವ ಅಂಚೆ ಮುದ್ರೆ ಇದೇ.

ಹಿಂದೆ ಕೂತಿದ್ದವರು ತೀರಿಕೊಂಡು ತಾನು ಉಳಿದ ಪ್ರಕರಣಗಳಲ್ಲಿ ಭಯಕ್ಕಿಂತ ತಪ್ಪಿತಸ್ಥ ಭಾವ ದೊಡ್ಡದಾಗಿರುತ್ತದೆ. ಅಲ್ಲಿ ಪೆಟ್ರೀಷಿಯಾ ರೆಸಿಕ್ ರೂಪಿಸಿದ, ಸಾಮಾನ್ಯವಾಗಿ 12 ಸೆಷನ್‌ಗಳ ಸಿಪಿಟಿ (ಕಾಗ್ನಿಟಿವ್ ಪ್ರೊಸೆಸಿಂಗ್ ಥೆರಪಿ) ಒಳ್ಳೆಯ ಆಯ್ಕೆ. "ಟೀಗೆ ನಿಲ್ಲಿಸದೇ ಇದ್ದಿದ್ರೆ ತಮ್ಮ ಬದುಕಿರ್ತಿದ್ದ" ಎಂಬಂಥ, ಮನಸ್ಸು ಸಿಕ್ಕಿಹಾಕಿಕೊಂಡ ವಾಕ್ಯವನ್ನು ಕಾಗದಕ್ಕಿಳಿಸಿ ಪಾಟಿಸವಾಲಿಗೆ ಒಡ್ಡುತ್ತಾರೆ. ಟೀ ಕುಡಿಯುವಾಗ ಮುಂದಾಗುವುದು ಗೊತ್ತಿತ್ತೇ? ಗೊತ್ತಿಲ್ಲದೆ ಮಾಡಿದ್ದಕ್ಕೂ ಗೊತ್ತಿದ್ದು ಮಾಡಿದ್ದಕ್ಕೂ ಒಂದೇ ಶಿಕ್ಷೆಯೇ? ಫ್ರಾನ್ಸೀನ್ ಶಾಪಿರೊ 1987ರಲ್ಲಿ ಶುರು ಮಾಡಿದ ಇಎಂಡಿಆರ್‌ನಲ್ಲಿ ನೆನಪನ್ನು ಮನಸ್ಸಲ್ಲಿಟ್ಟುಕೊಂಡು ಥೆರಪಿಸ್ಟರ ಬೆರಳನ್ನು ಕಣ್ಣಲ್ಲಿ ಹಿಂಬಾಲಿಸುತ್ತಾರೆ. ಪರಿಣಾಮವಿದೆ, ಅದು ಕಣ್ಣಿನ ಚಲನೆಯಿಂದಲೇ ಬರುತ್ತದೆಯೇ ಎಂಬ ಜಗಳ ತಜ್ಞರ ನಡುವೆ ಇನ್ನೂ ಮುಗಿದಿಲ್ಲ. ಬಾಯಿಬಿಟ್ಟು ಎಲ್ಲ ಹೇಳಲು ಆಗದವರು ಇದನ್ನು ಇಷ್ಟಪಡುತ್ತಾರೆ.

ಎಲ್ಲಿ ಕೆಡುತ್ತದೆ

ಕಥೆ ಹೇಳಲು ಶುರು ಮಾಡಿದ ಮೇಲಿನ ಎರಡು ಮೂರು ವಾರ ಕೆಲವರಿಗೆ ಕನಸು ಹೆಚ್ಚುತ್ತದೆ, ಸಿಡುಕು ಏರುತ್ತದೆ. "ಥೆರಪಿಗೆ ಹೋಗಿ ಇನ್ನೂ ಹಾಳಾದ" ಎಂದು ಮನೆಯವರೇ ನಿಲ್ಲಿಸಿಬಿಡುವುದು ಈ ಹೊತ್ತಿನಲ್ಲಿ. ಫಿಸಿಯೋಥೆರಪಿಯಲ್ಲಿ ಮೊದಲ ವಾರ ಮಂಡಿ ಮಡಿಸುವಾಗ ನೋವು ಹೆಚ್ಚಾಗಿದ್ದನ್ನು ಅದೇ ಮನೆ ಸಹಿಸಿಕೊಂಡಿತ್ತು ಎಂಬುದನ್ನು ನೆನಪಿಸಬೇಕಾಗುತ್ತದೆ. ಏನೂ ಮುಚ್ಚುಮರೆಯಿಲ್ಲದೆ ಥೆರಪಿಸ್ಟ್‌ಗೆ ಹೇಳಿದರೆ ವೇಗ ತಗ್ಗಿಸುತ್ತಾರೆ. ಆದರೆ ಸಾಯುವ ಯೋಚನೆ ಬಲವಾಗಿದ್ದರೆ, ಕುಡಿತ ಕೈಮೀರಿದ್ದರೆ, ಹೊಡೆಯುವವರ ಜೊತೆಯಲ್ಲೇ ಇನ್ನೂ ಇರಬೇಕಾಗಿದ್ದರೆ ಮೊದಲು ಅದನ್ನು ನಿಭಾಯಿಸಬೇಕು. ಕುಟುಂಬದೊಳಗೇ ವರ್ಷಗಟ್ಟಲೆ ನಡೆದ ಹಿಂಸೆಗೆ 12 ಸೆಷನ್ನಿನ ಲೆಕ್ಕವೂ ಹೊಂದದಿರಬಹುದು.

ಇನ್ನೊಂದು ತಪ್ಪು ಮೆಡಿಕಲ್ ಶಾಪಿನಲ್ಲಿ ಆಗುತ್ತದೆ. ನಿದ್ದೆಗೆಂದು ಆಲ್ಪ್ರಜೋಲಮ್, ಕ್ಲೋನಜೆಪಾಮ್ ಮಾತ್ರೆ ತಿಂಗಳುಗಟ್ಟಲೆ ನುಂಗುವವರಿದ್ದಾರೆ. ಇವು ಪಿಟಿಎಸ್‌ಡಿಯನ್ನು ಗುಣಪಡಿಸುವುದಿಲ್ಲ, ಚಟ ಹತ್ತಿಸುತ್ತವೆ, ಭಯ ತಾನಾಗಿ ಇಳಿಯುತ್ತದೆ ಎಂದು ಮೈ ಕಲಿಯುವುದಕ್ಕೂ ಅಡ್ಡಬರಬಹುದು. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ಒಮ್ಮೆಲೇ ನಿಲ್ಲಿಸುವುದೂ ಅಪಾಯ, ಡಾಕ್ಟರ ಸಲಹೆಯಂತೆ ಇಳಿಸುತ್ತ ಬರಬೇಕು. ಈ ಕಾಯಿಲೆಗೆ ಸಾಮಾನ್ಯವಾಗಿ ಬರೆಯುವುದು ಸರ್ಟ್ರಲೀನ್, ಪ್ಯಾರಾಕ್ಸಿಟೀನ್‌ನಂಥವು. ಪರಿಣಾಮ ಕಾಣಲು ಕೆಲವು ವಾರ ಬೇಕು. ಮೊದಲ ವಾರದ ವಾಕರಿಕೆಗೆ ಹೆದರಿ ಬಿಟ್ಟವರಿಗೆ ಮಾತ್ರೆಯ ತೊಂದರೆಯಷ್ಟೇ ಸಿಕ್ಕಿರುತ್ತದೆ, ಪ್ರಯೋಜನ ಸಿಕ್ಕಿರುವುದಿಲ್ಲ.

ಥೆರಪಿಸ್ಟ್ ಹೊಂದದಿದ್ದರೆ ಬದಲಿಸಬಹುದು. ಎರಡು ಮೂರು ಭೇಟಿಯಾದ ಮೇಲೂ ಮಾತು ಮುಟ್ಟುತ್ತಿಲ್ಲ ಅನಿಸಿದರೆ ಅದನ್ನು ಅವರಿಗೇ ಹೇಳಿ. ನಿಮ್ಮ ಜಾತಿ, ಬಟ್ಟೆ, ಮದುವೆಯ ಬಗ್ಗೆ ಉಪದೇಶ ಶುರುವಾದರೆ ಹೇಳುವ ಅಗತ್ಯವೂ ಇಲ್ಲ, ಎದ್ದು ಬನ್ನಿ. ಆದರೆ ಅಪಘಾತದ ಮಾತು ಶುರುವಾಗುವ ವಾರವೇ "ಇವರು ಸರಿಯಿಲ್ಲ" ಅನಿಸಿದರೆ, ಅದು ಬ್ಯಾಟರಿಯ ನೆಪದ ತಮ್ಮನೋ ಎಂದು ಒಮ್ಮೆ ಪರೀಕ್ಷಿಸಿಕೊಳ್ಳಿ.

ಚಿಕಿತ್ಸೆ ಮುಗಿದ ಎಷ್ಟೋ ತಿಂಗಳ ನಂತರ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಿಂದ ಸಾಕ್ಷಿ ಹೇಳಲು ಕರೆ ಬರುತ್ತದೆ. ಎದುರು ಪಕ್ಷದ ವಕೀಲರು ವೇಗ ಎಷ್ಟಿತ್ತು, ಯಾವ ಕಡೆ ನೋಡುತ್ತಿದ್ದಿರಿ ಎಂದು ಮತ್ತೆ ಅದೇ ಗಳಿಗೆಗೆ ಎಳೆದೊಯ್ಯುತ್ತಾರೆ. ಆ ವಾರ ಕನಸು ವಾಪಸ್ ಬಂದರೆ ಎಲ್ಲ ನೀರುಪಾಲಾಯಿತು ಎಂದಲ್ಲ. ದಿನಾಂಕ ಗೊತ್ತಾದ ಕೂಡಲೇ ಒಂದು ಸೆಷನ್ ಗೊತ್ತು ಮಾಡಿಕೊಳ್ಳಿ, ಅಲ್ಲಿಯವರೆಗೆ ಹಳೆಯ ಏಣಿಯ ಹಾಳೆ ಹುಡುಕಿ ತೆಗೆದು ಮಧ್ಯದ ಮೆಟ್ಟಿಲಿನಿಂದ ಮತ್ತೆ ಹತ್ತತೊಡಗಿ. ವಿಚಾರಣೆಯ ದಿನ ಕೋರ್ಟಿಗೆ ಬಸ್ಸಿನಲ್ಲೇ ಹೋದರೂ ನಡೆಯುತ್ತದೆ. ಮರುದಿನ ಬೆಳಿಗ್ಗೆ ಬೈಕ್ ತೆಗೆದರಾಯಿತು.